ರಾತ್ರಿಯ ಬಯಲಾಟದ ಚಿತ್ರಗಳು ಕೆಡುತ್ತಿವೆ: ಹೊಸ ಲೆನ್ಸ್ ಕೊಳ್ಳಬೇಕೇ, ಬೇರೆ ದಾರಿ ಇದೆಯೇ?

ಪಂಚಗಂಗಾವಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಕಡೆಯವನು. ಉದ್ಯೋಗದ ನಿಮಿತ್ತ ಬೆಂಗಳೂರಿನಲ್ಲಿದ್ದೇನೆ. ಎರಡು ವರ್ಷಗಳ ಹಿಂದೆ ಆರಂಭಿಕ ಮಟ್ಟದ ಡಿಎಸ್‌ಎಲ್‌ಆರ್ ಕ್ಯಾಮೆರಾವೊಂದನ್ನು, ಅದರ ಜೊತೆಗೇ ಬರುವ 18–55 ಮಿಲಿಮೀಟರ್ ಲೆನ್ಸ್ ಸಮೇತ ಕೊಂಡೆ. ಆಮೇಲೆ ಗೆಳೆಯರ ಮಾತಿನಂತೆ 50 ಮಿಲಿಮೀಟರಿನ ಎಫ್ 1.8 (ಈ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು) ಲೆನ್ಸೊಂದನ್ನು ತೆಗೆದುಕೊಂಡೆನಾದರೂ ಅದನ್ನು ಬಳಸಿದ್ದು ಕಡಿಮೆ. ಹಗಲಿನ ಚಿತ್ರಗಳು ತಕ್ಕಮಟ್ಟಿಗೆ ಬರುತ್ತವೆ. ನನ್ನ ಆಸೆಯಿರುವುದು ಮಾತ್ರ ಯಕ್ಷಗಾನದ ಮೇಲೆ.

ಕಳೆದ ತಿರುಗಾಟದಲ್ಲಿ (ಮೇಳಗಳು ಊರೂರು ಸುತ್ತುವ ಋತುವಿನಲ್ಲಿ) ನಮ್ಮೂರಿನ ಗದ್ದೆಯಲ್ಲಿ ನಡೆದ ಹರಕೆ ಆಟಕ್ಕೆ ಕ್ಯಾಮೆರಾ ಹಿಡಿದುಕೊಂಡು ಹೋಗಿ, ಒಡ್ಡೋಲಗದಿಂದ (ವೇಷಗಳ ವೈಭವದ ಪ್ರವೇಶದಿಂದ) ಹಿಡಿದು ಬೆಳಗಿನ ಜಾವದವರೆಗೆ ಸುಮಾರು 900 ಚಿತ್ರಗಳನ್ನು ತೆಗೆದೆ. ಮನೆಗೆ ಬಂದು ನೋಡಿದರೆ ಮನಸ್ಸಿಗೆ ಒಪ್ಪುವಂಥವು ಹತ್ತೂ ಇರಲಿಲ್ಲ. ಕುಣಿತದ ಚಿತ್ರಗಳಲ್ಲಿ ಕೈಕಾಲುಗಳು ಕಲಸಿಹೋಗಿವೆ. ನಿಂತು ಅರ್ಥ (ಪದ್ಯದ ನಂತರದ ಮಾತು) ಹೇಳುವಾಗಿನ ಚಿತ್ರಗಳಲ್ಲಿ ಮುಖ ಸುಣ್ಣ ಬಳಿದಂತೆ ಬೆಳ್ಳಗಾಗಿದ್ದು, ಹಿಂದಿನ ಕತ್ತಲೆ ಬೂದಿಯ ಬಣ್ಣಕ್ಕೆ ತಿರುಗಿದೆ. ಕೆಂಪು ವೇಷಗಳಲ್ಲಿ ನೆರಿಗೆಯೇ ಕಾಣದೆ ಬಣ್ಣವು ಒಂದೇ ಮುದ್ದೆಯಾಗಿದೆ. ಇದೆಲ್ಲಕ್ಕಿಂತ ವಿಚಿತ್ರವೆಂದರೆ, ಒಂದರ ಹಿಂದೊಂದರಂತೆ ತೆಗೆದ ಎರಡು ಚಿತ್ರಗಳಲ್ಲಿ ಒಂದು ಬೆಳಕಾಗಿಯೂ ಮತ್ತೊಂದು ಮಂಕಾಗಿಯೂ ಬಂದಿದ್ದು, ಕೆಲವದರಲ್ಲಿ ಅಡ್ಡ ಪಟ್ಟಿಗಳೂ ಕಾಣುತ್ತಿವೆ. ನಾನು ಬಳಸಿದ್ದು ಪೂರ್ಣ ಆಟೋ. ಫ್ಲ್ಯಾಶ್ ಮಾತ್ರ ಆರಿಸಿಟ್ಟಿದ್ದೆ. ಕ್ಯಾಮೆರಾ ತಾನಾಗಿಯೇ ಐಎಸ್‌ಒ 6400 (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆಯ ಅಂಕಿ) ಮತ್ತು 1/40 ಸೆಕೆಂಡಿನ ಶಟರ್ ವೇಗದ ಆಸುಪಾಸನ್ನು ಆರಿಸಿಕೊಂಡಿತ್ತು.

ಈಗ ಎರಡು ವಿಚಾರಗಳಲ್ಲಿ ಸಲಹೆ ಬೇಕಾಗಿದೆ. ಸಾಲ ಮಾಡಿಯಾದರೂ 70–200 ಮಿಲಿಮೀಟರಿನ ಎಫ್ 2.8 ಲೆನ್ಸ್ ಕೊಳ್ಳಬೇಕೆಂದು ಯೋಚಿಸುತ್ತಿದ್ದೇನೆ. ಅದರಿಂದ ಈ ತೊಂದರೆಗಳು ನೀಗುತ್ತವೆಯೇ? ಎರಡನೆಯದಾಗಿ, ಮುಂದಿನ ತಿರುಗಾಟದಲ್ಲಿ ತಮ್ಮ ಮನೆಯ ಸೇವೆಯಾಟದ ಚಿತ್ರಗಳನ್ನು ತೆಗೆದುಕೊಡಬೇಕೆಂದೂ, ಅದಕ್ಕೆ ಹಣ ಕೊಡುತ್ತೇವೆಂದೂ ಪರಿಚಯದ ಕುಟುಂಬವೊಂದು ಕೇಳಿದೆ. ಹಣ ಪಡೆದು ಕೆಲಸ ಮಾಡುವುದು ನನಗೆ ಇದೇ ಮೊದಲು. ಯಾವುದನ್ನು ಮೊದಲೇ ಮಾತನಾಡಿಕೊಳ್ಳಬೇಕು, ತೆಗೆದ ಚಿತ್ರಗಳು ಕೊನೆಗೆ ಯಾರವು ಎಂಬುದನ್ನು ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ಅರೆಬೆಳಕು

ಲೆನ್ಸಿನ ಸಾಲವನ್ನು ಸದ್ಯಕ್ಕೆ ಮುಂದೂಡಿ. ನಿಮ್ಮ ಚೀಲದಲ್ಲೇ ಇರುವ 50 ಮಿಲಿಮೀಟರಿನ ಲೆನ್ಸಿಗೆ ನೀವು ನ್ಯಾಯ ಸಲ್ಲಿಸಿದಂತೆ ಕಾಣುವುದಿಲ್ಲ.

ಲೆಕ್ಕವನ್ನೇ ನೋಡೋಣ. ನಿಮ್ಮ 18–55 ಲೆನ್ಸನ್ನು 55ರ ತುದಿಗೆ ಎಳೆದಾಗ ಅದು ತೆರೆದುಕೊಳ್ಳುವುದು ಎಫ್ 5.6ರವರೆಗೆ ಮಾತ್ರ. ಒಳಗೆ ಬರುವ ಬೆಳಕು ಈ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿ ಬದಲಾಗುವುದರಿಂದ, ಎಫ್ 1.8ರಲ್ಲಿ ಅದಕ್ಕಿಂತ ಸುಮಾರು 10 ಪಟ್ಟು ಹೆಚ್ಚು ಬೆಳಕು ಸಿಗುತ್ತದೆ. ನೀವು ಕೊಳ್ಳಬೇಕೆಂದಿರುವ ದುಬಾರಿ ಲೆನ್ಸಿನ ಎಫ್ 2.8ರಲ್ಲಿ ಸಿಗುವುದು 4 ಪಟ್ಟು ಮಾತ್ರ. ದೂರದಿಂದ ಹತ್ತಿರಕ್ಕೆ ಎಳೆದುಕೊಳ್ಳುವ ಅನುಕೂಲ ಅದರಲ್ಲಿದೆ ಎಂಬುದು ನಿಜವೇ. ಆದರೆ ಗದ್ದೆಯ ಬಯಲಾಟದಲ್ಲಿ ರಂಗಸ್ಥಳದ ಹತ್ತಿರ ಕುಳಿತುಕೊಳ್ಳಲು ಯಾರೂ ಅಡ್ಡಿಪಡಿಸುವುದಿಲ್ಲ. ನಿಮ್ಮ ಕ್ಯಾಮೆರಾದ ಸಂವೇದಕದ ಅಳತೆಯಲ್ಲಿ, 50 ಮಿಲಿಮೀಟರಿನ ಲೆನ್ಸ್ ಹಾಕಿ ಕ್ಯಾಮೆರಾವನ್ನು ನಿಲುವಾಗಿ ಹಿಡಿದರೆ 6 ಮೀಟರ್ ದೂರದಿಂದ ಸುಮಾರು 2.7 ಮೀಟರ್ ಎತ್ತರವು ಚೌಕಟ್ಟಿನೊಳಗೆ ಬರುತ್ತದೆ. ಕಿರೀಟ ಕಟ್ಟಿದ ವೇಷವೊಂದು ಕಾಲಿನ ಗೆಜ್ಜೆಯಿಂದ ಕಿರೀಟದ ತುದಿಯವರೆಗೆ ಹಿಡಿಸಲು, ಮೇಲೆ ಸ್ವಲ್ಪ ಜಾಗ ಉಳಿಯಲು ಇಷ್ಟು ಸಾಕು. ಅದೇ ದೂರದಲ್ಲಿ ಎಫ್ 2ಕ್ಕೆ ಇಟ್ಟರೂ ಸ್ಪಷ್ಟವಾಗಿ ಕಾಣುವ ಆಳವು ಹೆಚ್ಚುಕಡಿಮೆ ಒಂದು ಮೀಟರ್ ಇರುವುದರಿಂದ, ಮುಖ ಸ್ಪಷ್ಟವಾಗಿ ಭುಜಕೀರ್ತಿ ಮಸುಕಾದೀತೆಂಬ ಹೆದರಿಕೆಯೂ ಬೇಡ.

ಇನ್ನು ಮುಖ ಬೆಳ್ಳಗಾಗುವ ಸಂಗತಿ. ಕ್ಯಾಮೆರಾದೊಳಗಿನ ಬೆಳಕಿನ ಮಾಪಕಕ್ಕೆ ಯಕ್ಷಗಾನ ಗೊತ್ತಿಲ್ಲ. ಎದುರಿಗಿರುವ ದೃಶ್ಯವೆಲ್ಲ ಸರಾಸರಿಯಲ್ಲಿ ನಡುಬೂದಿ ಬಣ್ಣದ್ದಾಗಿರಬೇಕೆಂದು ಅದು ನಂಬಿಕೊಂಡಿದೆ. ಚೌಕಟ್ಟಿನ ಮುಕ್ಕಾಲು ಭಾಗ ಕತ್ತಲೆಯಿದ್ದಾಗ ಆ ಕತ್ತಲೆಯನ್ನು ಬೂದಿಯಾಗಿಸಲು ಅದು ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ನಡುವೆ ದೀಪಕ್ಕೆ ಮುಖವೊಡ್ಡಿ ನಿಂತ ವೇಷಧಾರಿ ಆಗ ಸುಣ್ಣದ ಗೊಂಬೆಯಾಗುತ್ತಾನೆ. ಕೈಕಾಲು ಕಲಸಿದ್ದಕ್ಕೂ ಇದೇ 1/40 ಸೆಕೆಂಡು ಕಾರಣ. ಹೀಗಾಗಿ ನಿಮ್ಮ ಎರಡು ದೂರುಗಳ ಮೂಲ ಒಂದೇ, ಮದ್ದೂ ಒಂದೇ: ಮ್ಯಾನ್ಯುಯಲ್, ಅಂದರೆ ಅಳತೆಗಳನ್ನು ಕ್ಯಾಮೆರಾಗೆ ಬಿಡದೆ ನಾವೇ ಇಡುವ ಕ್ರಮ. ರಂಗಸ್ಥಳದ ದೀಪಗಳು ರಾತ್ರಿಯಿಡೀ ಬಹುಮಟ್ಟಿಗೆ ಒಂದೇ ತೆರನಾಗಿ ಉರಿಯುವುದರಿಂದ, ಪೂರ್ವರಂಗದ ಹೊತ್ತಿನಲ್ಲಿ ನಾಲ್ಕಾರು ಚಿತ್ರ ತೆಗೆದು ಒಂದು ಅಳತೆಯನ್ನು ಗೊತ್ತುಮಾಡಿಕೊಂಡರೆ ಆಮೇಲೆ ಅದರ ಚಿಂತೆಯೇ ಇರುವುದಿಲ್ಲ. ನಾನು ಎಫ್ 2.2, 1/250, ಐಎಸ್‌ಒ 3200 ಎಂದು ಆರಂಭಿಸಿ, ಹಿಂದಿನ ಪರದೆಯಲ್ಲಿ ಮುಖವನ್ನು ದೊಡ್ಡದಾಗಿ ಮಾಡಿ ನೋಡಿ, ಹಣೆಯ ನಾಮವೂ ಕೆನ್ನೆಯ ಬಣ್ಣವೂ ಬೇರೆಬೇರೆಯಾಗಿ ಕಾಣುವವರೆಗೆ ಐಎಸ್‌ಒವನ್ನು ಹೆಚ್ಚುಕಡಿಮೆ ಮಾಡುತ್ತೇನೆ. ಹಿಂದಿನ ಕತ್ತಲೆ ಕಪ್ಪಾಗಿಯೇ ಉಳಿಯಲಿ. ಅದನ್ನು ಬೆಳಗಿಸುವ ಹೊಣೆ ನಮ್ಮದಲ್ಲ.

ಶಟರ್ ವೇಗದ ಬಗ್ಗೆ ಇನ್ನೂ ಒಂದು ಮಾತು. ಮೇಲಿನ ಲೆಕ್ಕದಂತೆ ಚೌಕಟ್ಟು ಕಟ್ಟಿದಾಗ, 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ವೇಷದ ಮೇಲಿನ ಒಂದು ಮಿಲಿಮೀಟರ್ ಸುಮಾರು 2 ಪಿಕ್ಸೆಲ್ ಆಗುತ್ತದೆ. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಚಲಿಸುವ ಕೈ 1/40 ಸೆಕೆಂಡಿನಲ್ಲಿ 25 ಮಿಲಿಮೀಟರ್, ಅಂದರೆ 50 ಪಿಕ್ಸೆಲ್‌ನಷ್ಟು ಬಳಿದುಕೊಳ್ಳುತ್ತದೆ. 1/250ರಲ್ಲಿ 8, 1/500ರಲ್ಲಿ 4. ಗಿರಕಿ ಹೊಡೆಯುವಾಗ ಕೈಯ ವೇಗ ಇದರ ಹಲವು ಪಟ್ಟು ಇರುವುದರಿಂದ 1/500 ಸಹ ಸಾಲದೆ ಹೋಗಬಹುದು. ಆದರೆ ಕುಣಿತವೆಲ್ಲ ಒಂದೇ ವೇಗದ್ದಲ್ಲ. ಮೇಲಕ್ಕೆ ಹಾರಿದ ದೇಹವು ಇಳಿಯುವ ಮುನ್ನ ತುತ್ತತುದಿಯಲ್ಲಿ ಒಂದು ಗಳಿಗೆ ನಿಂತಂತಿರುತ್ತದೆ. ಚೆಂಡೆಯ ಮುಕ್ತಾಯದ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಇಟ್ಟು ನಿಲ್ಲುವ ಗಳಿಗೆಯೂ ಹಾಗೆಯೇ. ಬಿಡ್ತಿಗೆ (ಆ ಮುಕ್ತಾಯದ ಪೆಟ್ಟುಗಳು) ಬರುತ್ತಿದೆಯೆಂದು ಕಿವಿಗೆ ಗೊತ್ತಾದರೆ ಬೆರಳು ತಾನಾಗಿ ಸಿದ್ಧವಾಗುತ್ತದೆ. ಹಾಗಾಗಿ ಮೊದಲ ಅರ್ಧ ಗಂಟೆ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿಸಿಕೊಳ್ಳಿ ಎಂದೇ ನಾನು ಹೊಸಬರಿಗೆ ಹೇಳುವುದು. ಒಂದು ಸೆಕೆಂಡಿಗೆ ಹತ್ತು ಚಿತ್ರ ತೆಗೆಯುವ ಕ್ಯಾಮೆರಾ ಇದ್ದರೂ, ತಾಳ ತಿಳಿಯದವನಿಗೆ ಎರಡು ಚಿತ್ರಗಳ ನಡುವಿನ ಸಂದಿಯಲ್ಲೇ ಆ ಗಳಿಗೆ ಜಾರಿಹೋಗುತ್ತದೆ.

ಫೋಕಸ್ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಆರಂಭಿಕ ಮಟ್ಟದ ಡಿಎಸ್‌ಎಲ್‌ಆರ್‌ಗಳಲ್ಲಿ ನಡುವಿನ ಬಿಂದುವೇ ಕತ್ತಲೆಯಲ್ಲಿ ಹೆಚ್ಚು ನಂಬಿಕಸ್ಥ. ಅದೊಂದನ್ನೇ ಆರಿಸಿ, ನಿರಂತರ ಫೋಕಸ್‌ನಲ್ಲಿಟ್ಟು, ಮುಖ ಮತ್ತು ಎದೆಕಟ್ಟಿನ ನಡುವಿನ ಭಾಗಕ್ಕೆ ಹಿಡಿಯಿರಿ. ಆಮೇಲೆ ಚೌಕಟ್ಟನ್ನು ಕತ್ತರಿಸಿ ಸರಿಪಡಿಸಿಕೊಳ್ಳಬಹುದು.

ಐವತ್ತು ಹರ್ಟ್ಸ್

ಹಿಂದಿನವರು ಅಡ್ಡ ಪಟ್ಟಿಗಳ ವಿಚಾರವನ್ನು ಬಿಟ್ಟಿರುವುದರಿಂದ ಅದನ್ನು ನಾನು ವಿವರಿಸುತ್ತೇನೆ. ವೃತ್ತಿಯಿಂದ ನಾನು ವಿದ್ಯುತ್ ಕೆಲಸದವನು, ಛಾಯಾಗ್ರಹಣ ಹವ್ಯಾಸ.

ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಪ್ರತಿ ಆವರ್ತದಲ್ಲಿ ಎರಡು ಬಾರಿ ಏರಿಳಿಯುವುದರಿಂದ, ಅಗ್ಗದ ಎಲ್‌ಇಡಿ ದೀಪವು ಸೆಕೆಂಡಿಗೆ 100 ಬಾರಿ ಬೆಳಗಿ ಮಂಕಾಗುತ್ತಿರುತ್ತದೆ. ಕಣ್ಣಿಗೆ ಇದು ತಿಳಿಯುವುದಿಲ್ಲ, ಶಟರಿಗೆ ತಿಳಿಯುತ್ತದೆ. 1/100 ಸೆಕೆಂಡಿನಲ್ಲಿ ತೆಗೆದರೆ ಒಂದು ಪೂರ್ತಿ ಏರಿಳಿತ ಒಳಗೆ ಬರುವುದರಿಂದ ಪ್ರತಿ ಚಿತ್ರಕ್ಕೂ ಸಮನಾದ ಬೆಳಕು ದೊರೆಯುತ್ತದೆ; 1/50ರಲ್ಲಿ ಎರಡು ಏರಿಳಿತ. 1/250ಕ್ಕೆ ಹೋದರೆ ಆ 10 ಮಿಲಿಸೆಕೆಂಡಿನಲ್ಲಿ 4 ಮಿಲಿಸೆಕೆಂಡಿನ ತುಂಡು ಮಾತ್ರ ಸಿಗುತ್ತದೆ, ಮತ್ತು ಅದು ಬೆಳಗಿದ ತುಂಡೋ ಮಂಕಾದ ತುಂಡೋ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ಒಂದು ಚಿತ್ರ ಬೆಳಕಾಗಿ ಇನ್ನೊಂದು ಮಂಕಾಗಿ ಬರುವುದು ಹೀಗೆ. ಶಟರಿನ ಪರದೆ ಚೌಕಟ್ಟಿನ ಮೇಲೆ ಸರಿದುಹೋಗಲೂ ಒಂದಿಷ್ಟು ಕಾಲ ಹಿಡಿಯುವುದರಿಂದ ಮೇಲ್ಭಾಗಕ್ಕೆ ಒಂದು ಬೆಳಕು, ಕೆಳಭಾಗಕ್ಕೆ ಇನ್ನೊಂದು ಬೆಳಕು ಬಿದ್ದು ಪಟ್ಟಿಗಳು ಮೂಡುತ್ತವೆ. ಹಳೆಯ ಹ್ಯಾಲೊಜೆನ್ ದೀಪಗಳಲ್ಲಿ ತಂತಿಯು ಕಾದು ಕೆಂಪಾಗಿ ಬಿಸಿಯನ್ನು ಉಳಿಸಿಕೊಳ್ಳುತ್ತಿದ್ದುದರಿಂದ ಈ ಕಾಟ ಅಷ್ಟಾಗಿ ಇರಲಿಲ್ಲ. ಪ್ರಶ್ನೆ ಕೇಳಿದವರು 1/40ರ ಆಸುಪಾಸು ಎಂದಿದ್ದಾರೆ; ಪಟ್ಟಿ ಬಿದ್ದ ಚಿತ್ರಗಳ ವಿವರವನ್ನು ತೆರೆದು ನೋಡಿದರೆ, ಆಟೋ ಅಲ್ಲಲ್ಲಿ ಇನ್ನೂ ಹೆಚ್ಚಿನ ವೇಗವನ್ನು ಆರಿಸಿಕೊಂಡಿರುವುದು ಬಹುಶಃ ಕಂಡುಬರುತ್ತದೆ.

ಹಲವು ಕ್ಯಾಮೆರಾಗಳ ಮೆನುವಿನಲ್ಲಿ ಮಿನುಗುವಿಕೆ ತಡೆಯುವ ಆಯ್ಕೆಯೊಂದಿರುತ್ತದೆ. ದೀಪ ಹೆಚ್ಚು ಬೆಳಗುವ ಗಳಿಗೆಗಾಗಿ ಕಾದು ಶಟರನ್ನು ಬಿಡುವುದು ಅದರ ಕೆಲಸ. ಇದ್ದರೆ ಅದನ್ನು ಚಾಲೂ ಮಾಡಿಕೊಳ್ಳಿ. ಇಲ್ಲದಿದ್ದರೆ ಕುಣಿತದ ಒಂದು ಭಂಗಿಗೆ ಮೂರು ನಾಲ್ಕು ಚಿತ್ರಗಳನ್ನು ಸಾಲಾಗಿ ತೆಗೆಯಿರಿ, ಒಂದಾದರೂ ಉಳಿಯುತ್ತದೆ. ಮಿರರ್‌ಲೆಸ್ ಕ್ಯಾಮೆರಾ ಬಳಸುವವರು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರನ್ನು ಇಲ್ಲಿ ಬಳಸದಿರುವುದು ಒಳ್ಳೆಯದು, ಏಕೆಂದರೆ ಸಾಮಾನ್ಯ ಸಂವೇದಕಗಳು ಚಿತ್ರವನ್ನು ಸಾಲುಸಾಲಾಗಿ ಓದಿಕೊಳ್ಳುವಾಗ ಪಟ್ಟಿಗಳು ಇನ್ನೂ ಹೆಚ್ಚುತ್ತವೆ. ಚೆಂಡೆಯ ಎದುರು ಶಟರಿನ ಸದ್ದು ಯಾರಿಗೂ ಕೇಳಿಸುವುದಿಲ್ಲವಾದ್ದರಿಂದ ಆ ಮರ್ಯಾದೆಯ ಅಗತ್ಯವೂ ಇಲ್ಲ.

ಕೆಂಪು ಮುದ್ದೆಯಾಗುವುದಕ್ಕೆ ಕಾರಣ ಬೇರೆ. ಸಂವೇದಕವು ಕೆಂಪು, ಹಸಿರು, ನೀಲಿಗಳನ್ನು ಪ್ರತ್ಯೇಕವಾಗಿ ಅಳೆಯುತ್ತದೆ. ಕೆಂಪು ಬಟ್ಟೆಯ ಮೇಲೆ ಹಳದಿ ಅಥವಾ ಕೆಂಪು ಛಾಯೆಯ ದೀಪ ಬಿದ್ದಾಗ ಉಳಿದೆರಡು ಖಾಲಿಯಿರುವಾಗಲೇ ಕೆಂಪಿನ ಪಾತ್ರೆ ತುಂಬಿ ಹರಿಯುತ್ತದೆ. ಹರಿದುಹೋದ ಮೇಲೆ ನೆರಿಗೆಯ ಏರಿಳಿತ ಎಲ್ಲಿಯೂ ದಾಖಲಾಗಿರುವುದಿಲ್ಲ. ಒಟ್ಟು ಬೆಳಕಿನ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯನ್ನು ತೋರಿಸುವ ನಕ್ಷೆ) ಇದನ್ನು ಮರೆಮಾಚುತ್ತದೆ. ಮೂರು ಬಣ್ಣಗಳನ್ನೂ ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಂ ಇಟ್ಟುಕೊಂಡು, ಕೆಂಪಿನ ಗುಡ್ಡೆ ಬಲಗೋಡೆಗೆ ಒರಗಿದ್ದರೆ ಐಎಸ್‌ಒವನ್ನು ಒಂದು ಸ್ಟಾಪಿನ (ಬೆಳಕು ಅರ್ಧವಾಗುವ ಅಳತೆಯ) ಮೂರನೆಯ ಒಂದು ಅಥವಾ ಎರಡು ಭಾಗದಷ್ಟು ಇಳಿಸಿ. ರಾ ರೂಪದಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲೇ) ತೆಗೆಯಿರಿ. ಬಿಳಿಯ ಸಮತೋಲನವನ್ನು (ದೀಪದ ಛಾಯೆಗೆ ತಕ್ಕಂತೆ ಬಣ್ಣ ಸರಿಪಡಿಸುವುದನ್ನು) ಆಟೋಗೆ ಬಿಡದೆ, ಆಟ ಶುರುವಾಗುವ ಮುನ್ನ ಖಾಲಿ ರಂಗಸ್ಥಳದ ದೀಪದಡಿ ಬೂದು ಕಾರ್ಡೊಂದನ್ನು ಹಿಡಿದು ಒಂದು ಚಿತ್ರ ತೆಗೆದಿಟ್ಟುಕೊಂಡರೆ, ರಾತ್ರಿಯ ಎಲ್ಲ ಚಿತ್ರಗಳಿಗೂ ಅದೇ ಆಧಾರವಾಗುತ್ತದೆ. ಹಿಮ್ಮೇಳದವರ ಬಿಳಿ ಪಂಚೆಯನ್ನು ಆಧಾರವಾಗಿ ತೆಗೆದುಕೊಂಡು ನಾನು ಒಮ್ಮೆ ಮೋಸಹೋಗಿದ್ದೇನೆ. ನೀಲಿ ಹಾಕಿ ಒಗೆದ ಪಂಚೆ ಬಿಳಿಯಲ್ಲ, ತುಸು ನೀಲಿ.

ನಿಧಾನ ಶಟರ್

ಎಲ್ಲವನ್ನೂ ಹೆಪ್ಪುಗಟ್ಟಿಸಬೇಕೆಂಬ ಹಟ ಏಕೆಂದು ನನಗೆ ಅರ್ಥವಾಗುವುದಿಲ್ಲ. 1/500ರಲ್ಲಿ ತೆಗೆದ ಗಿರಕಿಯು ಒಂಟಿ ಕಾಲಿನಲ್ಲಿ ವಾಲಿ ನಿಂತ ಮನುಷ್ಯನಂತೆ ಕಾಣುತ್ತದೆಯೇ ಹೊರತು ತಿರುಗುತ್ತಿರುವವನಂತೆ ಅಲ್ಲ. ಐಎಸ್‌ಒವನ್ನು 400ಕ್ಕೆ ಇಳಿಸಿ, 1/25ರ ಸುಮಾರಿಗೆ ಇಟ್ಟು, ವೇಷದ ಚಲನೆಯೊಂದಿಗೆ ಕ್ಯಾಮೆರಾವನ್ನೂ ಹೊರಳಿಸುತ್ತ ತೆಗೆದು ನೋಡಿ. ಐವತ್ತರಲ್ಲಿ ಒಂದು ಚಿತ್ರ ಕೈಗೆ ಹತ್ತಬಹುದು, ಆದರೆ ಆ ಒಂದರಲ್ಲಿ ಮುಖ ನಿಂತಿರುತ್ತದೆ, ಸೆರಗು ನೆರಿಗೆಗಳು ಬಣ್ಣದ ಚಕ್ರವಾಗಿರುತ್ತವೆ.

ಅರೆಬೆಳಕು

ಒಪ್ಪುತ್ತೇನೆ, ಒಂದು ಷರತ್ತಿನೊಂದಿಗೆ: ಹಣ ಪಡೆದು ಹೋದ ರಾತ್ರಿ ಮೊದಲ ಮೂರು ಗಂಟೆ ಈ ಪ್ರಯೋಗ ಬೇಡ. ಕೊಡಬೇಕಾದ ಚಿತ್ರಗಳು ಕಾರ್ಡಿನಲ್ಲಿ ಭದ್ರವಾದ ಮೇಲೆ ಆಟವಾಡಿಕೊಳ್ಳಬಹುದು.

ಪುಂಡುವೇಷ

ನಾನು ಛಾಯಾಗ್ರಾಹಕನಲ್ಲ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನಲ್ಲಿ ಹಲವು ವರ್ಷ ಪುಂಡುವೇಷ (ಚುರುಕು ಕುಣಿತದ ತರುಣ ವೀರರ ಪಾತ್ರ) ಮಾಡಿದವನು. ಮಗ ಈ ಚರ್ಚೆಯನ್ನು ತೋರಿಸಿದ್ದರಿಂದ ರಂಗದ ಮೇಲೆ ನಿಂತವನಿಗೆ ಕಾಣುವುದನ್ನು ಬರೆಯಬೇಕೆನ್ನಿಸಿತು.

ಫ್ಲ್ಯಾಶನ್ನು ಆರಿಸಿಟ್ಟದ್ದಕ್ಕೆ ಪ್ರಶ್ನೆ ಕೇಳಿದ ಮಹನೀಯರಿಗೆ ಕೃತಜ್ಞತೆಗಳು. ಒಮ್ಮೆ ಮಂಡಿ ಹಾಕುತ್ತಿದ್ದಾಗ ಎದುರಿನಿಂದ ಯಾರೋ ಫ್ಲ್ಯಾಶ್ ಹೊಡೆದರು. ಮಂಡಿಯಲ್ಲಿ ಸುತ್ತುವವನಿಗೆ ಎದುರಿನ ಒಂದು ಗುರುತೇ ಆಧಾರ. ಪ್ರತಿ ಸುತ್ತಿನಲ್ಲಿ ಕಣ್ಣು ಅದನ್ನು ಹುಡುಕಿಕೊಳ್ಳುತ್ತದೆ. ಆ ಬೆಳಕಿನಿಂದ ಎರಡು ಸುತ್ತು ಕಣ್ಣು ಕತ್ತಲಿಟ್ಟು, ರಂಗಸ್ಥಳದ ಅಂಚಿಗೆ ಮಂಡಿ ಬಡಿದು, ಪದ್ಯ ಮುಗಿಯುವವರೆಗೆ ಹೇಗೋ ಸಂಭಾಳಿಸಿದೆ. ಹೊಡೆದವರು ಯಾರೆಂದು ನನಗೆ ಇಂದಿಗೂ ತಿಳಿಯದು, ಅವರಿಗೂ ತಿಳಿದಿರಲಾರದು. ಮೊಬೈಲುಗಳ ಫೋಕಸ್ ದೀಪವೂ ಹೀಗೆಯೇ ಚುಚ್ಚುತ್ತದೆ. ಕ್ಯಾಮೆರಾಗಳಲ್ಲಿಯೂ ಫೋಕಸ್‌ಗೆ ನೆರವಾಗುವ ಸಣ್ಣ ದೀಪವೊಂದಿರುತ್ತದೆಯಂತೆ. ಅದನ್ನೂ ದಯವಿಟ್ಟು ಆರಿಸಿಡಿ.

ಕುಣಿತ ಶುರುವಾದ ಕೂಡಲೇ ಕ್ಯಾಮೆರಾಗಳು ಮೇಲೇಳುತ್ತವೆ, ಅರ್ಥ ಶುರುವಾದ ಕೂಡಲೇ ಇಳಿಯುತ್ತವೆ. ಇದನ್ನು ಎಷ್ಟೋ ರಾತ್ರಿ ನೋಡಿದ್ದೇನೆ. ನಮ್ಮ ಮುಖದಲ್ಲಿ ಅಭಿನಯ ನಿಲ್ಲುವುದೇ ಆ ಹೊತ್ತಿನಲ್ಲಿ. ಎದುರಿನ ವೇಷ ಮಾತನಾಡುತ್ತಿರುವಾಗ ಕೇಳಿಸಿಕೊಳ್ಳುತ್ತಿರುವವನ ಮುಖವನ್ನು ತೆಗೆದವರು ಬಹಳ ಕಡಿಮೆ. ಹಾಗೆ ತೆಗೆದ ನನ್ನದೊಂದು ಚಿತ್ರ ಮನೆಯ ಗೋಡೆಯ ಮೇಲಿದೆ, ಹಾರಿದ ಚಿತ್ರ ಒಂದೂ ಇಲ್ಲ. ಒಡ್ಡೋಲಗದಲ್ಲಿ ತೆರೆಯ ಹಿಂದಿನಿಂದ ಕಿರೀಟ ಮಾತ್ರ ಕಾಣಿಸುವ ಗಳಿಗೆಯನ್ನೂ ಬಿಡಬೇಡಿ.

ಚೌಕಿಗೆ (ನಾವು ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೆ) ಬರುವುದಾದರೆ ಚಪ್ಪಲಿಯನ್ನು ಹೊರಗೆ ಬಿಟ್ಟು ಬನ್ನಿ. ಅಲ್ಲಿ ಗಣಪತಿಯ ಪೂಜೆ ನಡೆಯುತ್ತದೆ. ಮೇಳದ ಮ್ಯಾನೇಜರರನ್ನು ಕೇಳಿದ ಮೇಲೂ ಪ್ರತಿ ಕಲಾವಿದನನ್ನು ಬೇರೆಯಾಗಿ ಕೇಳಿ, ಏಕೆಂದರೆ ಅರ್ಧ ಬಣ್ಣ ಹಚ್ಚಿದ ಮುಖವನ್ನೋ ಸೀರೆ ಉಡುತ್ತಿರುವ ಸ್ತ್ರೀವೇಷವನ್ನೋ ಊರಿಗೆಲ್ಲ ತೋರಿಸುವುದು ಎಲ್ಲರಿಗೂ ಇಷ್ಟವಾಗುವುದಿಲ್ಲ. ಕನ್ನಡಿಯ ಪಕ್ಕದ ದೀಪಕ್ಕೆ ಅಡ್ಡ ನಿಲ್ಲಬೇಡಿ. ಇನ್ನೊಂದು ವಿನಂತಿ: ನಮ್ಮ ಮುಖವರ್ಣಿಕೆಯ ಹಳದಿ ಮಿಶ್ರಿತ ಕೆಂಪನ್ನು ಕಂಪ್ಯೂಟರಿನಲ್ಲಿ ‘ಸರಿಮಾಡಿ’ ಮೈಬಣ್ಣಕ್ಕೆ ತರುವವರಿದ್ದಾರೆ. ನಾವು ಒಂದೂವರೆ ಗಂಟೆ ಕುಳಿತು ಹಚ್ಚಿದ್ದನ್ನು ಒಂದು ಗುಂಡಿಯಲ್ಲಿ ಅಳಿಸಬೇಡಿ.

ಪಂಚಗಂಗಾವಳಿ

ಪುಂಡುವೇಷದ ಹಿರಿಯರಿಗೆ ವಿಶೇಷ ನಮಸ್ಕಾರಗಳು. ಅರ್ಥದ ಹೊತ್ತಿನಲ್ಲಿ ಕ್ಯಾಮೆರಾ ಇಳಿಸುವವರಲ್ಲಿ ನಾನೂ ಒಬ್ಬ ಎಂದು ಒಪ್ಪಿಕೊಳ್ಳಲೇಬೇಕು. ಐವತ್ತು ಹರ್ಟ್ಸ್ ಅವರು ಹೇಳಿದ 1/100ನ್ನು ಅರ್ಥದ ಸಮಯಕ್ಕೆ ಇಟ್ಟುಕೊಂಡರೆ ಪಟ್ಟಿಗಳ ಕಾಟವೂ ಇಲ್ಲ, ಐಎಸ್‌ಒ ಸಹ ಇಳಿಯುತ್ತದೆ ಎಂದು ಈಗ ಹೊಳೆಯುತ್ತಿದೆ. ಸರಿಯೇ? ಪಟ್ಟಿ ಬಿದ್ದ ಚಿತ್ರಗಳನ್ನು ಈಗಷ್ಟೇ ತೆರೆದು ನೋಡಿದೆ. ಅವೆಲ್ಲವೂ 1/160 ಮತ್ತು 1/200ರಲ್ಲಿ ತೆಗೆದವು. ಹಣದ ಮತ್ತು ಹಕ್ಕಿನ ವಿಚಾರಕ್ಕೆ ಯಾರಾದರೂ ಉತ್ತರಿಸಿದರೆ ಉಪಕಾರವಾಗುತ್ತದೆ.

ಐವತ್ತು ಹರ್ಟ್ಸ್

ಸರಿ. 1/250ರಿಂದ 1/100ಕ್ಕೆ ಇಳಿದರೆ ಐಎಸ್‌ಒ 3200 ಇದ್ದದ್ದು 1250ಕ್ಕೆ ಬರುತ್ತದೆ. ಮುಖದ ಮೇಲಿನ ಕಾಳುಕಾಳು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಸಾಗರದಿಂದ

ಮದುವೆ, ಉಪನಯನ, ಆಟ ಎಲ್ಲಕ್ಕೂ ಹೋಗಿ ಬದುಕು ಸಾಗಿಸುತ್ತಿರುವವನು ನಾನು. ಹಕ್ಕಿನ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ವೃತ್ತಿಯಲ್ಲಿರುವ ಅನೇಕರೂ ಇದನ್ನು ತಪ್ಪಾಗಿ ತಿಳಿದಿದ್ದಾರೆ.

1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನೇ, ಮತ್ತು ಸಾಮಾನ್ಯವಾಗಿ ಮೊದಲ ಒಡೆಯನೂ ಅವನೇ. ಕಳೆದ ತಿರುಗಾಟದಲ್ಲಿ ನಿಮ್ಮ ಖುಷಿಗೆ ತೆಗೆದ 900 ಚಿತ್ರಗಳು ನಿಮ್ಮವು. ಆದರೆ ಅದೇ ಕಾಯಿದೆಯ 17ನೆಯ ಕಲಮಿನಲ್ಲಿ ಒಂದು ಅಪವಾದವಿದೆ: ಬೇರೊಬ್ಬರ ಕೋರಿಕೆಯಂತೆ, ಪ್ರತಿಫಲ ಪಡೆದು ತೆಗೆದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದ ಪಕ್ಷದಲ್ಲಿ, ಕೋರಿದವರೇ ಮೊದಲ ಒಡೆಯರು. ಸೇವೆಯಾಟದ ಮನೆಯವರು ಹಣ ಕೊಟ್ಟು ತೆಗೆಸಿದ ಚಿತ್ರವನ್ನು ನೀವು ಮುಂದೆ ಪತ್ರಿಕೆಗೆ ಕೊಡಬೇಕೆಂದಿದ್ದರೆ, ಸ್ಪರ್ಧೆಗೆ ಕಳುಹಿಸಬೇಕೆಂದಿದ್ದರೆ, ಅದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಛಾಪಾಕಾಗದವೇನೂ ಬೇಕಿಲ್ಲ, ‘ಚಿತ್ರಗಳ ಹಕ್ಕು ನನ್ನಲ್ಲಿ ಉಳಿಯುತ್ತದೆ, ಮನೆಯ ಬಳಕೆಗೆ ನಿಮಗೆ ಪೂರ್ಣ ಅನುಮತಿಯಿದೆ’ ಎಂಬ ಎರಡು ಸಾಲು ಬರೆದು ಇಬ್ಬರೂ ಸಹಿ ಮಾಡಿದರೆ ಆಯಿತು. ಹಕ್ಕು ಅವರದಾದರೂ ಚಿತ್ರ ತೆಗೆದವರು ನೀವೆಂದು ಹೇಳಿಕೊಳ್ಳುವ ಅಧಿಕಾರವನ್ನು 57ನೆಯ ಕಲಮು ನಿಮಗೇ ಉಳಿಸಿಕೊಡುತ್ತದೆ. ವಿಡಿಯೊ ತೆಗೆಯಲು ಕೇಳಿದರೆ ಮಾತ್ರ ಮೇಳವನ್ನು ಕೇಳದೆ ಒಪ್ಪಬೇಡಿ. ಪ್ರದರ್ಶನದ ದೃಶ್ಯ ಮುದ್ರಣದ ಮೇಲೆ ಕಲಾವಿದರಿಗೆ ಕಾಯಿದೆಯಲ್ಲಿ ಪ್ರತ್ಯೇಕ ಹಕ್ಕಿದ್ದು, ಅದರ ಅವಧಿ 50 ವರ್ಷ.

ಹಣ ಎಷ್ಟೆಂದು ನಾನು ಹೇಳಲಾರೆ, ಊರಿಂದೂರಿಗೆ ಬೇರೆಯಾಗುತ್ತದೆ. ಲೆಕ್ಕ ಹಾಕುವ ಕ್ರಮವನ್ನು ಹೇಳಬಲ್ಲೆ. ರಾತ್ರಿಯ ಎಂಟು ಗಂಟೆಗಳ ಕೆಲಸ ಎಲ್ಲರಿಗೂ ಕಾಣುತ್ತದೆ. ಆಮೇಲೆ ಆರಿಸಿ ತಿದ್ದಲು ಹಿಡಿಯುವ ಎರಡು ದಿನ ಯಾರಿಗೂ ಕಾಣುವುದಿಲ್ಲ. ನನ್ನ ಮೊದಲ ಆಟಕ್ಕೆ ನಾನು ರಾತ್ರಿಗಷ್ಟೇ ಲೆಕ್ಕ ಹಾಕಿ, 1,400 ಚಿತ್ರಗಳನ್ನೂ ಕೊಡುತ್ತೇನೆಂದು ಬಾಯಿಬಿಟ್ಟು, ಒಂದು ತಿಂಗಳು ನರಳಿದೆ. ಈಗ 80 ಚಿತ್ರ, ಹದಿನೈದು ದಿನ ಎಂದು ಮೊದಲೇ ಹೇಳುತ್ತೇನೆ, ಮುಂಗಡವಾಗಿ ಅರ್ಧ ತೆಗೆದುಕೊಳ್ಳುತ್ತೇನೆ. ಮನೆಯ ಯಜಮಾನರು ದೇವರ ಪ್ರಸಾದ ಸ್ವೀಕರಿಸುವುದು, ಅಜ್ಜಿ ಮುಂದಿನ ಸಾಲಿನಲ್ಲಿ ಕುಳಿತಿರುವುದು, ಬಂದ ನೆಂಟರು, ಇವು ಆ 80ರಲ್ಲಿ ಇರಲೇಬೇಕು. ಹಣ ಕೊಡುವವರಿಗೆ ಗಿರಕಿಗಿಂತ ಅಜ್ಜಿ ಮುಖ್ಯ. ಮುದ್ರಿಸಿ ಕೊಡುವುದಾದರೆ 12ಕ್ಕೆ 18 ಇಂಚಿನ ಅಳತೆಗೆ, ಇಂಚಿಗೆ 300 ಬಿಂದುಗಳ ಲೆಕ್ಕದಲ್ಲಿ, 3600ಕ್ಕೆ 5400 ಪಿಕ್ಸೆಲ್ ಬೇಕು; 24 ಮೆಗಾಪಿಕ್ಸೆಲ್ಲಿನ ಕ್ಯಾಮೆರಾದಲ್ಲಿ ಹೆಚ್ಚು ಕತ್ತರಿಸದಿದ್ದರೆ ಅಷ್ಟು ಸಿಗುತ್ತದೆ.

ಕಾರ್ಡಿನ ವಿಷಯದಲ್ಲಿ ಜಿಪುಣತನ ಬೇಡ. ಒಂದು ದೊಡ್ಡ ಕಾರ್ಡಿಗಿಂತ ಎರಡು ಮಧ್ಯಮ ಗಾತ್ರದವನ್ನು ತಂದು ನಡುರಾತ್ರಿಗೆ ಬದಲಾಯಿಸಿ. ಕೆಟ್ಟರೂ ಅರ್ಧ ಆಟ ಉಳಿಯುತ್ತದೆ. ಗದ್ದೆಯಲ್ಲಿ ಕುಳಿತು ಚಿತ್ರ ಅಳಿಸಬೇಡಿ. ಎರಡು ಕಡೆ ನಕಲಾಗುವವರೆಗೆ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿ. ಹೆಚ್ಚುವರಿ ಬ್ಯಾಟರಿಯೊಂದನ್ನು ಜೇಬಿನಲ್ಲಿ, ಮೈಗೆ ತಾಗಿದಂತೆ ಇಟ್ಟುಕೊಳ್ಳಿ.

ಇನ್ನು ಇಬ್ಬನಿ. ಧನುರ್ಮಾಸದ ರಾತ್ರಿ ಎರಡರ ಮೇಲೆ ಗದ್ದೆಯಲ್ಲಿ ಲೆನ್ಸಿನ ಗಾಜಿನ ಮೇಲೆ ಇಬ್ಬನಿ ಕೂರುತ್ತದೆ, ಮತ್ತು ಚಿತ್ರಗಳೆಲ್ಲ ಮಂಜು ಮುಸುಕಿದಂತಾಗುವವರೆಗೆ ಅದು ಗೊತ್ತೇ ಆಗುವುದಿಲ್ಲ. ಲೆನ್ಸಿನ ಬಾಯಿಗೆ ಮರೆಯಾಗುವ ಹುಡ್ ಹಾಕಿಡಿ, ತೆಗೆಯದಿರುವಾಗ ಮೇಲೊಂದು ಒಣ ಟವೆಲ್ ಹೊದಿಸಿ, ಅರ್ಧ ಗಂಟೆಗೊಮ್ಮೆ ಗಾಜನ್ನು ನೋಡಿ. ಮನೆಗೆ ಬಂದ ಮೇಲೆ ಒದ್ದೆ ಚೀಲದಲ್ಲೇ ಲೆನ್ಸನ್ನು ಬಿಟ್ಟರೆ ನಮ್ಮ ಕರಾವಳಿ, ಮಲೆನಾಡುಗಳ ಹವೆಯಲ್ಲಿ ಶಿಲೀಂಧ್ರ ಹಿಡಿಯುವುದು ಖಂಡಿತ. ಒಂದು ಮಳೆಗಾಲ ಚರ್ಮದ ಚೀಲದಲ್ಲಿ ಮರೆತಿಟ್ಟ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಸು ಬೆಳೆದದ್ದನ್ನು ನೋಡಿ ನಾನು ಪಾಠ ಕಲಿತೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಸಣ್ಣದೊಂದು ಆರ್ದ್ರತಾ ಮಾಪಕ. ಮುಳ್ಳು 40ರಿಂದ 50 ಪ್ರತಿಶತದ ನಡುವೆ ಇರಲಿ. ನೀಲಿ ಜೆಲ್ ಗುಲಾಬಿಗೆ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬಾರದು. ನಮ್ಮ ಮನೆಯಲ್ಲಿ ಅದಕ್ಕೆಂದೇ ಹಳೆಯದೊಂದು ಮೀಸಲಾಗಿದೆ.

70–200 ಲೆನ್ಸನ್ನು ಕೊಳ್ಳುವ ಮುಂಚೆ ಒಂದು ರಾತ್ರಿಗೆ ಬಾಡಿಗೆಗೆ ತೆಗೆದುಕೊಂಡು ನೋಡಿ. ಬೆಂಗಳೂರಿನಲ್ಲಿರುವ ನಿಮಗೆ ಅದು ಕಷ್ಟವಲ್ಲ. ಸುಮಾರು ಒಂದೂವರೆ ಕಿಲೋ ತೂಕವನ್ನು ಬೆಳಗಿನವರೆಗೆ ಹಿಡಿದಿರಲು ತೋಳು ಒಪ್ಪುತ್ತದೆಯೇ ಎಂಬುದು ಅಂಗಡಿಯಲ್ಲಿ ಗೊತ್ತಾಗುವುದಿಲ್ಲ.

ಪಂಚಗಂಗಾವಳಿ

ಎಲ್ಲರಿಗೂ ಅನಂತ ಧನ್ಯವಾದಗಳು. ಲೆನ್ಸಿನ ಸಾಲದ ಯೋಚನೆಯನ್ನು ಬಿಟ್ಟಿದ್ದೇನೆ. ಮನೆಯವರಿಗೆ ಎರಡು ಸಾಲಿನ ಒಪ್ಪಂದವನ್ನು ಬರೆದು ಕಳುಹಿಸುತ್ತೇನೆ. ಕೊನೆಯದೊಂದು ಸಣ್ಣ ಪ್ರಶ್ನೆ: ಹಾಗಾದರೆ 18–55 ಲೆನ್ಸನ್ನು ಮನೆಯಲ್ಲೇ ಬಿಟ್ಟು ಹೋಗಲೇ?

ಅರೆಬೆಳಕು

ಬೇಡ, ಚೌಕಿಗೆ ಮತ್ತು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ. ಸೂರ್ಯೋದಯಕ್ಕೆ ಸುಮಾರು ಅರ್ಧ ಗಂಟೆ ಮೊದಲು ಆಕಾಶದ ನೀಲಿಯೂ ರಂಗಸ್ಥಳದ ದೀಪವೂ ಹೆಚ್ಚುಕಡಿಮೆ ಸಮನಾಗಿರುವ ಹದಿನೈದು ಇಪ್ಪತ್ತು ನಿಮಿಷ ಸಿಗುತ್ತದೆ. ಆ ಹೊತ್ತಿಗೆ 18ಕ್ಕೆ ಇಟ್ಟು, ಎಫ್ 3.5ರಲ್ಲಿ, ಜನರ ಹಿಂದಿನಿಂದ ರಂಗಸ್ಥಳ, ತೆಂಗಿನ ಸಾಲು, ಚಾಪೆಯ ಮೇಲೆ ಮಲಗಿದ ಮಕ್ಕಳು ಎಲ್ಲವೂ ಬರುವಂತೆ ತೆಗೆಯಿರಿ. ರಾತ್ರಿಯಿಡೀ ಬದಲಾಯಿಸದ ಮ್ಯಾನ್ಯುಯಲ್ ಅಳತೆಯನ್ನು ಆಗ ಮಾತ್ರ ಎರಡು ನಿಮಿಷಕ್ಕೊಮ್ಮೆ ನೋಡಿಕೊಳ್ಳಿ, ಬೆಳಕು ಬೇಗ ಏರುತ್ತದೆ.